ಹತ್ತು ಕೋಟಿ ವಿದ್ಯಾರ್ಥಿಗಳು

ವಿಜಯಶ್ರೀ ಮೇಡಂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ ಅದು. ಹೊಸ ಕಂಪ್ಯೂಟರ್ ಯಾರಿಗೆ ಕೊಡಬೇಕೆಂದು ನೋಡುವ ಸಮಿತಿಯವರು ಬರುತ್ತಾರೆಂದು ಬೆಳಿಗ್ಗೆ ಬೇಗ ಬಂದು, ಆಳಂದದ ಕಾಲೇಜಿನ ಲ್ಯಾಬಿನಲ್ಲಿದ್ದ ಹನ್ನೆರಡೂ ಕಂಪ್ಯೂಟರಿಗೆ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಹಾಕಿಟ್ಟರು. ಕಲ್ಲಿನಾಥ ಸರ್‌ಗೆ ಮಾತ್ರ ಹೇಳಲಿಲ್ಲ.

ಲ್ಯಾಬಿನ ಹೊಣೆ ಹೊತ್ತಿದ್ದ ಕಲ್ಲಿನಾಥ ಸರ್ ಮನಸ್ಸಿನಲ್ಲಿದ್ದದ್ದೇ ಬೇರೆ. ಆ ಕಂಪ್ಯೂಟರುಗಳು ಮುದಿ ಎತ್ತಿನಂತೆ ಕೂತಲ್ಲಿಂದ ಏಳುತ್ತಿರಲಿಲ್ಲ. ನಾಲ್ಕು ವರ್ಷ ಅರ್ಜಿ ಬರೆದರೂ ಹೊಸವು ಬಂದಿರಲಿಲ್ಲ. ಈ ಸಲ ಸಮಿತಿಯ ಕಣ್ಣೆದುರಿಗೇ ಅವುಗಳ ಉಸಿರು ಕಟ್ಟಿಸಬೇಕೆಂದು ಒಂದು ಪ್ರೋಗ್ರಾಮ್ ಬರೆದಿದ್ದರು. ಅದು ಒಂದು ಕೋಟಿ ವಿದ್ಯಾರ್ಥಿಗಳನ್ನು ಸೃಷ್ಟಿಸಿ, ಒಬ್ಬೊಬ್ಬರ ಅಂಕ ಕೂಡಿಸಿ, ಅಲ್ಲೇ ಬಿಟ್ಟುಬಿಡುತ್ತಿತ್ತು. ಒಬ್ಬೊಬ್ಬನಿಗೂ ಮೆಮೊರಿಯಲ್ಲಿ ಜಾಗ ಬೇಕಲ್ಲ! ನಿನ್ನೆ ಓಡಿಸಿದಾಗ ಮೆಮೊರಿ ತುಂಬಿ, ನಡುನಡುವೆ ನಿಂತು, ಕೆಲಸ ಮುಗಿದ ವಿದ್ಯಾರ್ಥಿಗಳನ್ನು ಕಸದಂತೆ ಬಳಿದು ಹಾಕಿ, ಮತ್ತೆ ತೆವಳಿ, ಕಂಪ್ಯೂಟರ್ ಕಾಲು ಗಂಟೆ ನರಳಿತ್ತು.

ಹನ್ನೊಂದಕ್ಕೆ ಸಮಿತಿ ಬಂತು. ಅಧ್ಯಕ್ಷೆ ಸುಮಿತ್ರಾಬಾಯಿ ಕುರ್ಚಿ ಎಳೆದುಕೊಂಡು, “ತೋರಸ್ರಿ, ಏನ್ ತ್ರಾಸ ಅದ ನಿಮಗ?” ಎಂದರು.

“ಈಗ ನೋಡ್ರಿ ಮೇಡಂ, ಹೆಂಗ ಸಾಯ್ತದ!” ಎಂದು ಕಲ್ಲಿನಾಥ ಗುಂಡಿ ಒತ್ತಿದರು.

ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಮೆಮೊರಿ ತೋರಿಸುವ ಗೆರೆ ಉಂಡು ಮಲಗಿದ ಹಾವಿನಂತೆ ಅಲುಗಲಿಲ್ಲ.

“ಸರ್, ಇನ್ನೊಂದು ಸೊನ್ನಿ ಹಾಕ್ರಿ,” ಎಂದ ಚಾಂದಪಾಶಾ. ಮೂವತ್ತು ವರ್ಷದಿಂದ ಅಲ್ಲಿ ಅಟೆಂಡರ್ ಆಗಿದ್ದವನು. ಕೇಳದಿದ್ದರೂ ಸಲಹೆ ಕೊಡುತ್ತಿದ್ದ.

ಹತ್ತು ಕೋಟಿ ಆಯಿತು. ಆಗಲೂ ಉತ್ತರ ಥಟ್ಟನೆ ಬಂತು.

ಕಲ್ಲಿನಾಥ ಬೆವರೊರೆಸಿಕೊಂಡು ವಿಜಯಶ್ರೀಯವರನ್ನು ಮೂಲೆಗೆ ಕರೆದರು. “ಏನ್ ಮಾಡೀರಿ ಮೇಡಂ ಇದಕ್ಕ?”

“ಹೊಸ ಆವೃತ್ತಿ ಹಾಕೀನ್ರಿ ಸರ್. ನಾವು ಬರದಿದ್ದನ್ನ ಕಂಪ್ಯೂಟರಿನ ಭಾಷಾಕ್ಕ ತಿರುಗಿಸೋ ಇದರ ಕಂಪೈಲರ್ ಭಾಳ ಶಾಣ್ಯಾ ಅದ. ನಿಮ್ಮ ಪ್ರೋಗ್ರಾಮಿನ ಹುಡುಗ್ರು ಅಂಕ ಕೂಡಿಸೋ ಆ ಫಂಕ್ಷನ್ ಬಿಟ್ಟು ಹೊರಗ ಹೋಗಂಗಿಲ್ಲ ಅಂತ ಅದಕ್ಕ ಮೊದಲ ಗೊತ್ತಾಗ್ತದ. ಊರ ಬಿಡದವನಿಗಿ ಬಸ್ಸಿನಾಗ ಯಾರರ ಸೀಟ ಹಿಡಿತಾರೇನ್ರಿ? ಹಂಗ ಅವರಿಗಿ ಮೆಮೊರಿದಾಗ ಜಾಗಾನೇ ಹಿಡದಿಲ್ಲ. ಬರೇ ಅಂಕ ಕೂಡಿಸೇದ.”

“ಯವ್ವಾ! ಈಗೇನ್ ಮಾಡ್ಲಿ?”

“ಎಲ್ಲಾರನ್ನೂ ಹೊರಗಿನ ಒಂದು ಪಟ್ಟಿದಾಗ ಸೇರಸ್ರಿ. ಆಗ ಜಾಗ ಕೊಡಲೇಬೇಕಾಗ್ತದ.”

ಕಲ್ಲಿನಾಥ ಕೀಬೋರ್ಡಿಗೆ ಓಡಿಬಂದರು. ಅಷ್ಟರಲ್ಲಿ ಚಾಂದಪಾಶಾ ಸಮಿತಿಯ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದ: “ನಮ್ಮ ಸರ್ ಕೈಗುಣ ಭಾರಿ ಅದರಿ! ಹಳೇ ಡಬ್ಬಾದಾಗ ಹತ್ತು ಕೋಟಿ ಮಂದೀನ ಕುಂದರಿಸ್ಯಾರ!”

“ಇಲ್ರಿ ಮೇಡಂ, ಖರೆ ಅಂದ್ರ ಇದು ಕಂಪೈಲರ್ ಮಾಡಿದ್ದು…” ಎಂದು ಕಲ್ಲಿನಾಥ ನಡುವೆ ಬಾಯಿ ಹಾಕಿದರು.

“ಯಾರರ ಮಾಡ್ಲಿ, ನಿಮ್ಮ ಲ್ಯಾಬಿನಾಗ ಆಗೇದಲ್ಲ!” ಸುಮಿತ್ರಾಬಾಯಿ ಫೈಲು ಮುಚ್ಚಿದರು. “ಹೊಸ ಕಂಪ್ಯೂಟರ್ ಜೇವರ್ಗಿ ಕಾಲೇಜಿಗಿ ಕೊಡ್ತೇವಿ. ಅಲ್ಲಿ ಇಪ್ಪತ್ತು ಅದಾವ, ನಿಮ್ಮವಕ್ಕಿಂತಾ ಹಳೇವು. ಗುಜರಿಗಿ ಹಾಕೋದಿತ್ತು. ಇಂಥಾ ಶಾಣ್ಯಾರು ಇದ್ದ ಮ್ಯಾಲ ಯಾಕ ಹಾಳ ಮಾಡೋದು? ನಾಳೆ ಅವನ್ನೂ ನಿಮ್ಮಲ್ಲಿಗೇ ಕಳಸ್ತೇವಿ.”

ಜೀಪು ಗೇಟು ದಾಟಿತು. ಚಾಂದಪಾಶಾ ಆಗಲೇ ಕಲ್ಲಿನಾಥರ ಕೋಣೆಯನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದ.

“ಸರ್, ಇಪ್ಪತ್ತೂ ಇಲ್ಲೇ ಹಿಡಿತಾವ್ರಿ. ನಿಮ್ಮ ಮೇಜು ಒಂದು ಹೊರಗ ಹಾಕಿದ್ರ ಆಯ್ತು.”