ಬೋರ್ಡು ಕಂಡರೆ ಬಾಯಿ ತೆರೆಯುವ ಕಾಕಾ

ನಾಶಿಕಕ್ಕೆ ಬಂದವರು ಗೋದಾವರಿ ನೋಡುತ್ತಾರೆ, ಗುಡಿ ನೋಡುತ್ತಾರೆ, ಪುರುಸೊತ್ತಿದ್ದರೆ ದ್ರಾಕ್ಷಿ ತೋಟವನ್ನೂ ನೋಡುತ್ತಾರೆ. ನಮ್ಮ ಕಾಕಾ ಮೂವತ್ತೈದು ವರ್ಷಗಳಿಂದ ಆ ಊರಿನಲ್ಲೇ ಇದ್ದಾರೆ. ಈವರೆಗೆ ಅವರು ಮನಸ್ಸಿಟ್ಟು ನೋಡಿರುವುದು ಅಂಗಡಿಗಳ ಬೋರ್ಡುಗಳನ್ನು ಮಾತ್ರ! ಸುಮ್ಮನೆ ನೋಡಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ? ಅವರು ನೋಡಿದ್ದನ್ನೆಲ್ಲ ಇಡೀ ಬೀದಿಗೆ ಕೇಳುವಂತೆ ವರದಿ ಮಾಡುತ್ತಾರೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಮೂಲ ಬೀದರ ಜಿಲ್ಲೆ. ನಾಶಿಕದಲ್ಲಿ ಗೋಣಿಚೀಲದ ವ್ಯಾಪಾರ. ಚಾಂದವಡದ ಉಳ್ಳಾಗಡ್ಡಿ ವ್ಯಾಪಾರಿಗಳಿಗೆ ಚೀಲ ಕೊಡುವುದು, ಆ ಚೀಲಗಳ ಮೇಲೆ ಅವರವರ ಮಾರ್ಕಾ ಒತ್ತಿಸಿಕೊಡುವುದು. ಒಬ್ಬನದು ಆನೆ, ಒಬ್ಬನದು ತಕ್ಕಡಿ, ಇನ್ನೊಬ್ಬನದು ಚಂದ್ರ. ಹೀಗಾಗಿ ಜಗತ್ತಿನಲ್ಲಿ ಎರಡೇ ಜಾತಿಯ ವಸ್ತುಗಳಿವೆ ಎಂದು ಕಾಕಾ ನಂಬಿದ್ದಾರೆ: ಮಾರ್ಕಾ ಇರುವಂಥವು, ಮಾರ್ಕಾ ಇಲ್ಲದಂಥವು. ಕೇಂದ್ರ ಸರಕಾರದ ನೌಕರನಾದ ನಾನು ಕಲಬುರಗಿಯಿಂದ ವರ್ಗವಾಗಿ ನಾಶಿಕಕ್ಕೆ ಹೋದಾಗ ನನ್ನನ್ನು ಎರಡನೆಯ ಜಾತಿಗೆ ಸೇರಿಸಿದವರಂತೆ ಮೇಲಿಂದ ಕೆಳಗೆ ನೋಡಿದ್ದರು.

ರವಿವಾರ ನನ್ನ ಊಟ ಅವರ ಮನೆಯಲ್ಲಿ. ಊಟಕ್ಕೆ ಮೊದಲು ಕಾಕಾ, ಕಾಕಿ, ನಾನು ಮೂವರೂ ಪೇಟೆಗೆ ಹೋಗಿ ಬರಬೇಕು. ಹತ್ತು ನಿಮಿಷದ ದಾರಿ. ನಮಗೆ ಒಂದೂವರೆ ಗಂಟೆ! ಕಾಕಿ ಕೈಚೀಲ ಹಿಡಿದುಕೊಂಡು ಪಕ್ಕದಲ್ಲಿ ಸುಮ್ಮನೆ ನಡೆಯುತ್ತಾರೆ. ಕಾಕಾ ಸುಮ್ಮನೆ ನಡೆಯಬೇಕಲ್ಲ?

"ಅಲ್ಲಿ ನೋಡು, ಹಸರು ಪ್ಲಸ್ ಗುರ್ತು ಅದಲ್ಲ, ಔಷಧದ ಅಂಗಡಿ. ಅದರ ಬಾಜೂಕ ಹಲ್ಲಿನ ಚಿತ್ರ, ಹಲ್ಲಿನ ಡಾಕ್ಟರ್. ಹಲ್ಲು ಹೆಂಗ ನಗಲಿಕತ್ತದ ನೋಡು! ಹಲ್ಲಿಗೇ ಮತ್ತ ಹಲ್ಲು ತಗದಾನ ಪುಣ್ಯಾತ್ಮ!"

"ಕಾಕಾ, ನನಗೂ ಓದಾಕ ಬರ್ತದ್ರಿ," ಎಂದೆ ನಾನೊಮ್ಮೆ, ಬಿಸಿಲು ನೆತ್ತಿಗೇರಿದಾಗ.

"ನಿನಗ ಯಾರು ಹೇಳಲಿಕತ್ತಾರ?" ಎಂದು ಗದರಿ ಮುಂದಿನ ಬೋರ್ಡಿಗೆ ಹೊರಟರು. ಅಂದು ನಮ್ಮ ಕಡೆಯಿಂದ ದೇವರ ದರ್ಶನಕ್ಕೆ ಬಂದಿದ್ದ ಇಬ್ಬರು ಯಾತ್ರಿಕರು ನಮ್ಮ ಹಿಂದೆಯೇ ಎರಡು ಓಣಿ ತಿರುಗಿದರು. ಕೊನೆಗೆ ನನ್ನನ್ನು ಬದಿಗೆ ಕರೆದು, "ಈ ಗೈಡ್‌ಗೆ ಎಷ್ಟು ಕೊಟ್ಟಿರಿ?" ಎಂದು ಕೇಳಿದರು.

ಅಲ್ಲಿಗೆ ಹೋದ ಹೊಸತರಲ್ಲಿ ಬೆಳಗಿನ ತಿರುಗಾಟಕ್ಕೆಂದು ನಾನೊಂದು ಜೊತೆ ಬೂಟು ಕೊಂಡೆ. ಒಳ್ಳೆಯ ಕಂಪನಿಯದು. ಕರಿಯ ಬೂಟು, ಬದಿಗೆ ಬಿಳಿಯ ಮೂರು ಪಟ್ಟಿ. ಹಾಕಿಕೊಂಡು ಹೋದರೆ ಕಾಕಾ ಬಾಗಿಲಲ್ಲೇ ಕಂಬದಂತೆ ನಿಂತರು. ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು. ಅವರ ಹಣೆಯ ಮೇಲೂ ಬಿಳಿಯ ಮೂರು ಪಟ್ಟಿ!

"ತಮ್ಮಾ, ಹಣಿ ಮ್ಯಾಲಿಂದು ಕಾಲಾಗ ಯಾಕ ಬಂತು?"

"ಅದು ಕಂಪನಿ ಲೋಗೋರಿ ಕಾಕಾ."

"ಕಂಪನಿಯವರು ನಮ್ಮ ಪೈಕಿಯೇನು?"

"ಅಲ್ಲರಿ, ಪರದೇಶದವರು."

"ಮತ್ತ ಅವರಿಗೆ ಮೂರ ಯಾಕ ಬೇಕಾಗಿತ್ತು? ಎರಡಕ್ಕ ನಿಲ್ಲಿಸಬೇಕಾಗಿತ್ತು!"

ನಾನು ಊಟ ಮಾಡಿ ಕೈ ತೊಳೆಯುವುದರೊಳಗೆ ಕಾಕಾ ಚೀಲಕ್ಕೆ ಮಾರ್ಕಾ ಒತ್ತುವ ಬಣ್ಣ ತಂದು ಎರಡೂ ಬೂಟುಗಳಿಗೆ ನಾಲ್ಕನೆಯ ಪಟ್ಟಿ ಎಳೆದಿದ್ದರು. ಎಂಥ ನೇರ ಗೆರೆ ಅಂತೀರಿ! ಕಂಪನಿಯವರದೂ ಅಷ್ಟು ನೇರ ಇರಲಿಲ್ಲ. ಧರ್ಮವೇನೋ ಉಳಿಯಿತು. ಮರುದಿನ ಕಚೇರಿಯ ಗೆಳೆಯ ಬಗ್ಗಿ ನನ್ನ ಕಾಲು ನೋಡಿ, ಇಷ್ಟು ಚಂದದ ನಕಲಿ ಮಾಲು ಎಲ್ಲಿ ಸಿಗುತ್ತದೆ, ತನಗೂ ಒಂದು ಜೊತೆ ಬೇಕು ಎಂದ.

ಇನ್ನೊಮ್ಮೆ ಅವರ ಮನೆಯ ಚಹಾಪುಡಿಯ ಪೊಟ್ಟಣ ಬದಲಾಯಿತು. ಮೊದಲು ಅದರ ಮೇಲೆ ಕೆಂಪು ಜುಟ್ಟಿನ ಹುಂಜವೊಂದು ಕತ್ತೆತ್ತಿ ನಿಂತಿರುತ್ತಿತ್ತು. ಕಂಪನಿಗೆ ಯಾರೋ ಜಾಣರು ಸಿಕ್ಕು ಹುಂಜವನ್ನು ಓಡಿಸಿ, ಬರೀ ಹೆಸರನ್ನು ಸಣಕಲು ಅಕ್ಷರಗಳಲ್ಲಿ ಬರೆಸಿಟ್ಟಿದ್ದರು. ಕಾಕಾ ಪೊಟ್ಟಣದ ಹಿಂದಿದ್ದ ನಂಬರಿಗೆ ಫೋನು ಹಚ್ಚಿದರು. ಅವರ ಹಿಂದಿಯನ್ನು ನಾನು ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ. ಮೂಲದ ಸೊಗಸು ಇದರಲ್ಲಿಲ್ಲ.

"ನಿಮ್ಮ ಚಹಾದಾಗಿನ ಹುಂಜ ಎಲ್ಲಿ ಹೋಯ್ತು?"

"ಸರ್, ಚಹಾದಲ್ಲಿ ಹುಂಜ ಸಿಕ್ಕಿತೇ?" ಆ ಕಡೆಯ ಹುಡುಗಿ ಗಾಬರಿಯಾದಳು.

"ಸಿಕ್ಕಿಲ್ಲ ತಾಯಿ, ಅದೇ ನನ್ನ ತಕರಾರು!"

ಅವಳು ಏನು ಬರೆದುಕೊಂಡಳೋ! ಎಂಟು ದಿನಕ್ಕೆ ಕಾಕಾನ ಫೋನಿಗೆ ಸಂದೇಶ ಬಂತು: ತಮ್ಮ ಚಹಾದಲ್ಲಿ ಕೋಳಿಯ ಅಂಶ ಕಂಡುಬಂದುದಕ್ಕೆ ಕಂಪನಿ ವಿಷಾದಿಸುತ್ತದೆ. ಉಳ್ಳಾಗಡ್ಡಿಗೇ ಸೋಮವಾರ ರಜೆ ಕೊಡುವ ಮನೆ ಅದು! ಕಾಕಾ ಎರಡು ದಿನ ಚಹಾ ಮುಟ್ಟಲಿಲ್ಲ. ಮೂರನೆಯ ದಿನ ಹಳೆಯ ಪೊಟ್ಟಣಗಳ ಹುಂಜಗಳನ್ನೆಲ್ಲ ಕತ್ತರಿಸಿ, ಹೊಸ ಪೊಟ್ಟಣಗಳಿಗೆ ಅಂಟಿಸಿ, ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದರು.

ವೇರೂಳಿನ ಜ್ಯೋತಿರ್ಲಿಂಗದ ಗುಡಿಗೆ ಮೂವರೂ ಹೊರಟಾಗ ನಡೆದದ್ದನ್ನು ಹೇಳದಿದ್ದರೆ ಕಾಕಾನಿಗೆ ಅನ್ಯಾಯವಾಗುತ್ತದೆ. ದಾರಿಯ ಹೊಸ ಹೋಟೆಲೊಂದರಲ್ಲಿ ಇಳಿದೆವು. ಕಕ್ಕಸಿನ ಬಾಗಿಲು ಎರಡು. ಒಂದರ ಮೇಲೆ ತ್ರಿಕೋನ, ಇನ್ನೊಂದರ ಮೇಲೆ ತಲೆಕೆಳಗಾದ ತ್ರಿಕೋನ. ಕೆಳಗೆ ಇಂಗ್ಲಿಷಿನಲ್ಲಿ ಇರುವೆ ಗಾತ್ರದ ಅಕ್ಷರ. ಕಾಕಾ ಮ್ಯಾನೇಜರನನ್ನೇ ಕರೆಸಿದರು. ಅಗಲ ಭುಜ, ಸಣ್ಣ ನಡು ಇರುವುದು ಗಂಡಸು; ಕೆಳಗೆ ಅಗಲ ಇರುವುದು ಹೆಂಗಸು, ಇದು ಈಗಿನ ಡಿಸೈನು ಎಂದು ಅವನು ವಿವರಿಸಿದ.

ಕಾಕಾ ಅಂಗಿ ಸರಿಸಿ ತಮ್ಮ ಹೊಟ್ಟೆಯನ್ನು ಮುಂದೆ ಮಾಡಿದರು. "ಹಂಗಾದ್ರ ನಾ ಯಾವ ಬಾಗಲಾಗ ಹೋಗಲಿ, ನೀನೇ ಹೇಳು!"

ಮ್ಯಾನೇಜರ್ ಅಲ್ಲಿಂದ ಕಾಲ್ತೆಗೆದ. ಕಾಕಾ ಮಾತ್ರ ಒಳಗೆ ಹೋಗದೆ ಆ ಎರಡು ಬಾಗಿಲುಗಳ ನಡುವೆಯೇ ನಿಂತು, ಬಂದವರಿಗೆಲ್ಲ "ಹೆಣ್ಮಕ್ಕಳು ಈ ಕಡೆ, ಬಲಕ್ಕ, ಬಲಕ್ಕ" ಎಂದು ಕೈ ತೋರಿಸತೊಡಗಿದರು. ಕಾಕಿ ಹೋಗಿ ತಿರುಗಿ ಬಂದ ಮೇಲೆಯೇ ಅವರ ಆ ಸೇವೆ ನಿಂತದ್ದು. ನಾನು ನಾಚಿಕೆಯಿಂದ ಕಾರಿನಲ್ಲಿ ಕೂತಿದ್ದೆ.

ಇಂಥ ಮನುಷ್ಯನಿಗೆ ದೇವರು ಎಂಥ ಮಗಳನ್ನು ಕೊಟ್ಟ ನೋಡಿ! ರೇಣುಕಾ ಛತ್ರಪತಿ ಸಂಭಾಜಿನಗರದಲ್ಲಿ ಪೊಟ್ಟಣಗಳಿಗೆ ಲೋಗೋ, ಬಣ್ಣ, ಚಿತ್ರ ಮಾಡಿಕೊಡುವ ಕಚೇರಿಯಲ್ಲಿದ್ದಾಳೆ. ಬಿಸ್ಕತ್ತಿಗೆ ಯಾವ ಮುಖ, ಸಾಬೂನಿಗೆ ಯಾವ ಮುಖ ಎಂದು ತೀರ್ಮಾನಿಸುವುದೇ ಅವಳ ಉದ್ಯೋಗ. ಅಪ್ಪ ಮಗಳಿಗೆ ಎಷ್ಟು ಹೊಂದಿಕೆಯಾಗಬೇಕು, ಅಲ್ಲವೇ? ಹುಂಜವನ್ನು ಓಡಿಸುವ ಜನ ಇಂಥವರೇ ಎಂದು ಗೊತ್ತಾದ ದಿನದಿಂದ ಕಾಕಾ ಮಗಳ ಉದ್ಯೋಗವನ್ನೇ ಸಂಶಯದಿಂದ ನೋಡುತ್ತಿದ್ದರು.

ಆ ಸಂಶಯಕ್ಕೆ ಬೆಂಕಿ ಹತ್ತಿದ್ದು ಕಾಕಿಯ ಹಿಂಡಿಯ ವಿಷಯದಲ್ಲಿ. ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಎನ್ನುತ್ತಾರೆ. ಕಾಕಿ ಶೇಂಗಾ, ಅಗಸಿ, ಗುರೆಳ್ಳು (ಅದೇ ಹುಚ್ಚೆಳ್ಳು), ಮೂರರದೂ ಹಿಂಡಿ ಕುಟ್ಟುತ್ತಾರೆ. ತಿಂದ ನೆರೆಹೊರೆಯ ಮರಾಠಿ ಹೆಂಗಸರು ಮನೆಗೇ ಬಂದು ಕೇಳಿ ಒಯ್ಯುತ್ತಾರೆ. ಸಂಭಾಜಿನಗರದಲ್ಲಿ ಹೆಂಗಸರ ಮೇಳವೊಂದು ನಡೆಯುವುದಿತ್ತು. ರೇಣುಕಾ ತಾಯಿಯ ಹೆಸರಿನಲ್ಲಿ ಒಂದು ಮೇಜು ಹಿಡಿದಿದ್ದಳು. ಕಾಕಿ ಜೀವನದಲ್ಲಿ ಇಂಥದು ಬೇಕು ಎಂದು ಕೇಳಿದವರೇ ಅಲ್ಲ; ಈಗ ಮಾತ್ರ, ತಾನು ಕುಟ್ಟಿದ ಹಿಂಡಿಯನ್ನು ಒಮ್ಮೆ ತಾನೇ ನಿಂತು ಮಾರಬೇಕು ಎಂದು ಬಾಯಿಬಿಟ್ಟು ಹೇಳಿದ್ದರು. ಉಳಿದಿದ್ದು ಪೊಟ್ಟಣದ ಡಿಸೈನು ಒಂದೇ.

ಮೊದಲ ಶನಿವಾರ ರೇಣುಕಾ ಬಸ್ಸಿಳಿದು ಡಿಸೈನು ಹರಡಿದಳು. ಬಿಳಿಯ ಪೊಟ್ಟಣ, ನಡುವೆ ಪುಟ್ಟದೊಂದು ಗುಂಡನೆಯ ಲೋಗೋ, ಕೆಳಗೆ ಮರಾಠಿಯಲ್ಲಿ ಹೆಸರು. ಮೂರು ಪೊಟ್ಟಣವೂ ಒಂದೇ ತರಹ. ಬರೆದ ಹೆಸರು ಮಾತ್ರ ಬೇರೆ. ನನ್ನ ಕಣ್ಣಿಗೆ ಬಹಳ ಚಂದ ಕಂಡಿತು.

"ಬ್ಯಾಡ," ಎಂದರು ಕಾಕಾ.

"ಪಪ್ಪಾ, ಇದಕ್ಕ ಮಿನಿಮಲ್ ಅಂತಾರ."

"ಹಂಗಂದ್ರ?"

"ಎಲ್ಲಾ ಕಮ್ಮಿ ಇರ್ತದ."

"ಹಿಂಡಿ ಕಮ್ಮಿ ಹಾಕಿದ್ರ ಗಿರಾಕಿ ಬಿಡ್ತಾನೇನು? ಅಗಸಿ ಯಾವುದು, ಗುರೆಳ್ಳು ಯಾವುದು, ಹೆಂಗ ತಿಳೀಬೇಕು?"

"ಬರದದ ನಾ ಪಪ್ಪಾ! ಕೆಳಗ ನೋಡ್ರಿ!"

ಎರಡನೆಯ ಶನಿವಾರ ಬಿಳಿ ಹೋಗಿ ಹಾಲುಬಣ್ಣ ಬಂತು. ಬ್ಯಾಡ. ಮೂರನೆಯ ಶನಿವಾರ ಅಕ್ಷರ ದೊಡ್ಡದಾಯಿತು. ಬ್ಯಾಡ. ರೇಣುಕಾ ಅಳುವುದೊಂದು ಬಾಕಿ. "ದಾದಾ, ದೊಡ್ಡ ಕಂಪನೀದವರು ಎರಡು ಸಲಕ್ಕ ಪಾಸ್ ಮಾಡ್ತಾರ," ಎಂದು ನನ್ನ ಹತ್ತಿರ ಗೋಳಿಟ್ಟಳು. ನಾನು ಕಾಕಾನ ಹಟಮಾರಿತನದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಅವಳಿಗೆ ಸಮಾಧಾನ ಹೇಳಿದೆ. ಅವಳಿಗೆ ಒಂದು ಉಪಾಯ ಹೊಳೆಯಿತು. "ಅವ್ವಂಗ ಮರಾಠಿ ಓದಲಿಕ್ಕ ಬರಲ್ಲ, ಅದಕ್ಕ ಪಪ್ಪಾ ಚಿಡಚಿಡ ಮಾಡ್ತಾರ. ನನಗ ಕನ್ನಡ ಬರೀಲಿಕ್ಕ ಬರಲ್ಲ. ನೀ ಬರದು ಕೊಡು." ನಾನು ಮೂರೂ ಹೆಸರುಗಳನ್ನು ದುಂಡಗೆ ಬರೆದುಕೊಟ್ಟೆ.

ನಾಲ್ಕನೆಯ ಶನಿವಾರ. ಮೇಳಕ್ಕೆ ಇನ್ನು ಹನ್ನೆರಡು ದಿನ. ಮೇಜಿನ ಮೇಲೆ ಹಾಲುಬಣ್ಣದ ಮೂರು ಪೊಟ್ಟಣ, ಮೇಲೆ ನನ್ನ ದುಂಡು ಕನ್ನಡ. ಕಾಕಾ ಬಾಯಿ ತೆರೆಯುವುದರೊಳಗೆ ರೇಣುಕಾ ಅವರನ್ನು ತಡೆದಳು.

"ನೀವು ಗಪ್ ಕೂಡ್ರಿ ಪಪ್ಪಾ. ಹಿಂಡಿ ಅವ್ವಂದು, ಅವ್ವನೇ ಹೇಳಲಿ. ಅವ್ವಾ, ಇದರಾಗ ಅಗಸಿದು ಯಾವುದು? ಎತ್ತಿ ಕೊಡು."

ಕಾಕಿ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. ನಗುತ್ತಲೇ ಬಂದರು. ಒಂದರ ಮೇಲೆ ಕೈ ಒಯ್ದರು, ಅಲ್ಲಿಂದ ಇನ್ನೊಂದಕ್ಕೆ. ಕೈ ಎಲ್ಲಿಯೂ ಇಳಿಯಲಿಲ್ಲ. ನನ್ನ ಅಕ್ಷರವೇನೂ ಅಷ್ಟು ಕೆಟ್ಟದಾಗಿರಲಿಲ್ಲ.

ಅಷ್ಟರಲ್ಲಿ ಕಾಕಾನ ಮೊಣಕೈ ತಗುಲಿ ಚಹಾ ತುಂಬಿದ ಕಪ್ಪೊಂದು ಪೊಟ್ಟಣಗಳ ಮೇಲೆ ಉರುಳಿತು! ಮೂರೂ ತೊಯ್ದು ತೊಪ್ಪೆ. ರೇಣುಕಾ ಸಿಡಿದೆದ್ದು ಚೀರಾಡಿದಳು. ಕಾಕಾ ಉರುಳಿದ ಕಪ್ಪನ್ನು ಎತ್ತಿಡುತ್ತ ಬೈಸಿಕೊಂಡರು. ಎಂದೂ ಹಾಗೆ ಬೈಸಿಕೊಂಡವರಲ್ಲ. ಕಾಕಿ ಮೇಜು ಒರೆಸುವ ಅರಿವೆ ತರಲು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಹೊರಟಾಗ ಕಾಕಾ ಮೆಟ್ಟಿಲವರೆಗೆ ಬಂದರು. ದನಿ ಇಳಿಸಿ ಮಾತಾಡಿದರು. ಅವರಿಗೆ ಅಷ್ಟು ಸಣ್ಣ ದನಿ ಇರುವುದು ನನಗೆ ಗೊತ್ತೇ ಇರಲಿಲ್ಲ.

"ಆಕಿ ಸಾಲೀ ಮೆಟ್ಟಿಲ ಹತ್ತಿಲ್ಲ ತಮ್ಮಾ. ಇಲ್ಲಿ ಮಂದಿಗೆ ನಂದು ಕನ್ನಡ ಸಾಲಿ ಆಗೇದ ಅಂತಾಳ. ನಮ್ಮ ಕಡಿ ಹೋದ್ರ ಮರಾಠಿ ಸಾಲಿ ಅಂತಾಳ. ಎರಡೂ ಕಡಿ ನಡದು ಹೋಗೇದ. ಮಗಳಿಗೆ ಗೊತ್ತಿಲ್ಲ. ಗೊತ್ತಾಗೋದು ಬ್ಯಾಡ. ಆಕಿಗಿ ಭಾಳ ನಾಚಿಕಿ ಆಗ್ತದ."

ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಆ ಮನೆಯಲ್ಲಿ ಊಟ ಮಾಡಿ ನಾನು ಎರಡು ವರ್ಷ ನಕ್ಕಿದ್ದೆ. ಓದಲು ಬರುತ್ತದೆ ಎಂಬ ನನ್ನ ಜಂಬವನ್ನು ಆಗ ಎಲ್ಲಿಡಲಿ? ಪೇಟೆಯ ಬೋರ್ಡುಗಳನ್ನು ಅವರು ಹೇಳುತ್ತಿದ್ದದ್ದು ನನಗಲ್ಲ, ಪಕ್ಕದಲ್ಲಿ ಚೀಲ ಹಿಡಿದು ನಡೆಯುತ್ತಿದ್ದ ಹೆಂಡತಿಗೆ. ಕಾಕಿಯೊಬ್ಬರಿಗೇ ಹೇಳಿದರೆ ಜನರಿಗೆ ತಿಳಿಯುತ್ತದೆಂದು ಎಲ್ಲರಿಗೂ ಕೂಗಿ ಹೇಳಿ, ಅರೆಹುಚ್ಚ ಎನ್ನಿಸಿಕೊಂಡಿದ್ದರು. ಈಗ ಅವರಿಗೆ ಭಯ ಹತ್ತಿತ್ತು. ಮೇಳದಲ್ಲಿ ಯಾರೋ ಅಗಸಿ ಕೇಳಿ, ಕಾಕಿ ಗುರೆಳ್ಳು ಕೊಟ್ಟು, ಮಗಳ ಎದುರಿಗೇ ಎಲ್ಲ ಬಯಲಾದರೆ? ಚಿತ್ರ ಹಾಕು ಎಂದು ಮಗಳಿಗೆ ಬಾಯಿಬಿಟ್ಟು ಹೇಳಿದರೆ ಯಾಕೆ ಎಂದು ಅವಳು ಕೇಳುತ್ತಾಳೆ. ಅದಕ್ಕೇ ಬರೀ ಬ್ಯಾಡ, ಬ್ಯಾಡ.

ನಾನು ರೇಣುಕಾಗೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವೇನೋ. ತಾಯಿಯ ಕೈ ಇಳಿಯದೆ ನಿಂತದ್ದನ್ನು ಅವಳೂ ನೋಡಿದ್ದಳು, ಅವಳೇನು ಕುರುಡಿಯೇ? ಆ ವಾರವೆಲ್ಲ ತಾಯಿಗೆ ಫೋನು ಮಾಡಿ ಅಜ್ಜನ ಹೊಲದ ಬಗ್ಗೆ ಏನೇನೋ ಕೇಳುತ್ತಿದ್ದಳಂತೆ. ಯಾಕೆಂದು ಕಾಕಿಗೂ ತಿಳಿದಿರಲಿಲ್ಲ.

ಐದನೆಯ ಶನಿವಾರ ಅವಳು ಮೇಜಿನ ಮೇಲೆ ಮೂರು ಪೊಟ್ಟಣ ಇಟ್ಟಳು. ಒಂದರ ಮೇಲೆ ಮಣ್ಣು ಹತ್ತಿದ ಶೇಂಗಾ ಕಾಯಿ. ಇನ್ನೊಂದರ ಮೇಲೆ ತಿಳಿನೀಲಿಯ ಐದೆಸಳಿನ ಹೂ. ಮೂರನೆಯದರ ಮೇಲೆ ಹಳದಿಯ ಹೂ. ಅಕ್ಷರಗಳೆಲ್ಲ ಪೊಟ್ಟಣದ ಬೆನ್ನಿಗೆ ಹೋಗಿದ್ದವು.

ಕಾಕಾ ಕನ್ನಡಕ ಏರಿಸಿದರು, ಇಳಿಸಿದರು. ಆಯುಷ್ಯವೆಲ್ಲ ಚೀಲದಲ್ಲಿ ಕಾಳು ನೋಡಿದ ಮನುಷ್ಯ. ಹೂವನ್ನು ಎಲ್ಲಿ ನೋಡಬೇಕು? ನನಗೂ ಗುರುತು ಹತ್ತಲಿಲ್ಲ.

"ಈ ನೀಲಿ ಯಾವುದು?" ಎಂದರು.

ಕಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅಲ್ಲಿಂದಲೇ ಹೇಳಿದರು. "ಅಗಸಿ ಹೂರಿ ಅದು! ಮುಂಜಾನೆ ಅರಳಿ ಮಧ್ಯಾಹ್ನಕ್ಕ ಉದರತದ. ಹಳದೀದು ಗುರೆಳ್ಳು. ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?"

"ಇಲ್ಲ, ನನಗ ತಿಳಿಯಂಗಿಲ್ಲ," ಎಂದರು ಕಾಕಾ. ಪೊಟ್ಟಣಗಳನ್ನು ಕಾಕಿಯ ಕಡೆ ಸರಿಸಿದರು. "ಇನ್ನೊಮ್ಮೆ ಹೇಳು."

ನನ್ನ ಕಣ್ಣುಗಳು ತುಂಬಿ ಬಂದವು. ರೇಣುಕಾ ಕಿಟಕಿಯ ಕಡೆ ತಿರುಗಿ ನಿಂತಳು. ಕಾಕಿ ಮೇಜಿನ ಹತ್ತಿರ ಬಂದು, ಒಂದೊಂದು ಪೊಟ್ಟಣದ ಮೇಲೂ ಬೆರಳಿಟ್ಟು, ನಿಧಾನವಾಗಿ ಗಂಡನಿಗೆ ಓದಿ ಹೇಳಿದರು.