ಹಪ್ಪಳದ ಪಕ್ಕದಲ್ಲಿ ಒಣಗಿದ ಕಾಕಾ

ಬಿಸಿಲಿದ್ದಲ್ಲಿ ಹಪ್ಪಳ ಒಣಗುತ್ತದೆ, ಮುದುಕರಿದ್ದಲ್ಲಿ ತಮಾಷೆ ನಡೆಯುತ್ತಲೇ ಇರುತ್ತದೆ. ಎಪ್ಪತ್ತರ ದಶಕದಲ್ಲಿ ಮುಂಬೈಯ ಸಯನ್ನಿನ ನಮ್ಮ ಬಿಲ್ಡಿಂಗಿನ ಗಚ್ಚಿಯ, ಅಂದರೆ ತಾರಸಿಯ, ಮೇಲೆ ಎರಡೂ ಇದ್ದವು. ಅಲ್ಲಿ ಹಪ್ಪಳ ಒಣಗಿಸಿ ಮಾರಿಯೇ ನಾನು ಇರಲು ಸ್ವಂತ ಖೋಲಿ ಮಾಡಿಕೊಂಡೆ. ಅಕ್ಷರ ಕಲಿತದ್ದೂ ಪೊಟ್ಟಣದ ಕಾಗದ ಓದಿ ಓದಿಯೇ. ಹಪ್ಪಳ ಮಾರುವ ಹೆಂಗಸೆಂದು ಎಲ್ಲರೂ ನನ್ನನ್ನು 'ಬಾಯಿ' ಎಂದೇ ಕರೆಯುತ್ತಿದ್ದರು.

ಕೆಳಗಿನ ಮನೆಯ ಧಾರವಾಡದ ಕಾಕಾ ರಿಟೈರಾದ ಹೆಡ್ ಕ್ಲಾರ್ಕ್. ತಂದೆಯಿಲ್ಲದ ಮೊಮ್ಮಗಳಿಗೆ ಬೇಸಿಗೆಯಲ್ಲಿ ಮದುವೆ. ಮಣೆಯ ಮೇಲೆ ಕೂತು ಧಾರೆ ಎರೆಯಬೇಕಾದವರು ಅವರೇ. ಆದರೆ ನೆಲಕ್ಕೆ ಕೂತರೆ ಏಳಲಾಗುತ್ತಿರಲಿಲ್ಲ.

"ಬೀಗರ ಮುಂದ ಯಾರರೇ ನನ್ನ ಎತ್ತಿ ನಿಲ್ಲಿಸಿದರ ಮಾನ ಹೋತು" ಎಂದು ಕೊರಗುತ್ತಿದ್ದರು.

೧. ಕೋಟು

"ಮೈಯಲ್ಲಿ ಡಿ ವಿಟಮಿನ್ ಕಡಿಮೆ, ಎಲುಬು ಸೊರಗಿವೆ. ದಿನಾ ಬಿಸಿಲಿಗೆ ಕೂತುಕೊಳ್ಳಿ" ಎಂದರು ಡಾಕ್ಟರು. ಮರುದಿನ ಕಾಕಾ ಗಚ್ಚಿಗೆ ಬಂದರು. ಕರಿ ಕೋಟು, ಟೋಪಿ, ಕಾಲುಚೀಲ, ಮೇಲೆ ಬಿಚ್ಚಿದ ಕೊಡೆ.

"ಕಾಕಾ, ನನ್ನ ಹಪ್ಪಳ ಕೋಟು ಹಾಕ್ಕೊಂಡು ಒಣಗೂದಿಲ್ರಿ" ಎಂದೆ.

"ನಿಮ್ಮ ಹಪ್ಪಳಕ್ಕ ಪೆನ್ಶನ್ ಬರ್ತದೇನ್ ಬಾಯಿ?"

೨. ಸೂಜಿ

ಜಗಳಾಡಿ ಜಗಳಾಡಿ ಅವರನ್ನು ಬನಿಯನ್ನಿಗೆ ಇಳಿಸಿದೆ. ಆದರೆ ಅವರಿಗೆ ತಾಳ್ಮೆಯೆಲ್ಲಿ? ಸೂಜಿಯೇ ಬೇಕೆಂದು ಮತ್ತೆ ಡಾಕ್ಟರ ಹತ್ತಿರ ಹೊರಟರು. ಅವರ ಹೆಂಡತಿ ಕಾಕುವಿನ ಜೊತೆ ನಾನೂ ಹೋದೆ.

"ವಯಸ್ಸಾದ ಹಾಗೆ ಗಂಡಸರ ಹಾರ್ಮೋನೂ ಇಳಿಯುತ್ತದೆ, ಕೈಕಾಲಿನ ತ್ರಾಣ ಹೋಗುತ್ತದೆ. ಅದಕ್ಕೂ ಸೂಜಿ ಇದೆ" ಎಂದು ಡಾಕ್ಟರು ಬಿಡಿಸಿ ಹೇಳಿದರು. ಎಂಥ ಹಾರ್ಮೋನೆಂದು ತಿಳಿದದ್ದೇ ತಡ, ಕಾಕಾ ಮೀಸೆ ಸವರಿಕೊಂಡರು.

ಕಾಕು ಕೈ ಮುಗಿದರು. "ಡಾಕ್ಟರ್, ಮೊಣಕಾಲಿನ ಮ್ಯಾಲೆ ಏರದ್ಹಾಂಗ ಕೊಡ್ರಿ. ಆರು ಹಡದೀನಿ, ಸಾಕಾಗೇದ!"

೩. ಕಾಗೆ

ನಗು ನಿಂತ ಮೇಲೆ ಡಾಕ್ಟರು ಸೂಜಿ ಬೇಡವೆಂದರು. ಬಿಸಿಲು, ಹಾಲು, ಕೂತು ಏಳುವ ಅಭ್ಯಾಸ, ಇಷ್ಟೇ ಸಾಕಂತೆ. "ಎಲ್ಲಾರ ಮುಂದ ಬೈಠಕ್ ಹೊಡೀಲಿಕ್ಕೆ ನಾನೇನ್ ಪೈಲವಾನನೇ?" ಎಂದರು ಕಾಕಾ.

ನಾನು ಮಣೆ ಹಾಕಿ ಕೈಗೆ ಕೋಲು ಕೊಟ್ಟೆ. "ಹಾಂಗಾದ್ರ ಹಪ್ಪಳ ಕಾಯ್ರಿ. ಕೂತಲ್ಲೇ ಹುಶ್ ಅಂದ್ರ ಮುಂಬೈ ಕಾಗಿ ಕೇಳೂದಿಲ್ಲ, ಎದ್ದೇ ಓಡಸಬೇಕು."

ಮೊದಮೊದಲು ಗೋಡೆ ಹಿಡಿದು ಎದ್ದರು, ಆಮೇಲೆ ಕೋಲೂರಿ, ಆಮೇಲೆ ಬರಿಗೈಯಲ್ಲಿ. "ಇಷ್ಟು ಕಾಗಿ ಎಲ್ಲಿಂದ ಬರ್ತಾವ ಬಾಯಿ?" ಎಂದು ಏದುಸಿರು ಬಿಡುತ್ತ ಕೇಳುತ್ತಿದ್ದರು.

"ಯಾರಿಗ್ಗೊತ್ರಿ" ಎನ್ನುತ್ತ ನಾನು ಅವರ ಬೆನ್ನ ಹಿಂದೆ ಇನ್ನೊಂದು ಹಿಡಿ ಅಕ್ಕಿ ಚೆಲ್ಲುತ್ತಿದ್ದೆ.

೪. ಬೀಗರು

ಮದುವೆಯ ದಿನ ಧಾರೆ ಮುಗಿಯಿತು, ಏಳುವ ಹೊತ್ತು ಬಂತು. ಕಾಕು ಕಣ್ಣು ಮುಚ್ಚಿಕೊಂಡರು. ಕಾಕಾ ಮಣೆ ಬಿಟ್ಟು ತಾವೇ ಎದ್ದು ನೆಟ್ಟಗೆ ನಿಂತರು. ನನ್ನ ಕಣ್ಣಿಗೆ ಹೋಮದ ಹೊಗೆ ಹೋಯಿತು, ಬೇರೇನಲ್ಲ.

ಎದುರಿಗೆ ಗಂಡಿನ ಅಜ್ಜ ಏಳಲಾಗದೆ ಒದ್ದಾಡುತ್ತಿದ್ದರು. ಕಾಕಾ ಕೈ ಕೊಟ್ಟು ಎಬ್ಬಿಸಿದರು.

ಆ ಅಜ್ಜ ಕಾಕಾನ ಕಿವಿಯಲ್ಲಿ ಕೇಳಿದರು: "ಯಾವ ಟಾನಿಕ್ಕು, ರಾಯರ?"

"ಟಾನಿಕ್ಕಿಲ್ಲ ಏನಿಲ್ರಿ. ಬನಿಯನ್ ಮ್ಯಾಲೆ ಬಿಸಲಿಗೆ ಕೂಡೂದು, ಅಷ್ಟ."

ಸ್ವಲ್ಪ ಹೊತ್ತಿಗೆ ಫೋಟೋದವನು ಗಂಡಿನ ಅಜ್ಜನನ್ನು ಹುಡುಕತೊಡಗಿದ. ಅವರು ಮದುವೆ ಕಾರ್ಯಾಲಯದ ಹೆಬ್ಬಾಗಿಲಲ್ಲೇ, ತಲೆಗೆ ಜರಿ ರುಮಾಲು, ಮೈಗೆ ಬರೀ ಬನಿಯನ್, ಕಣ್ಣು ಮುಚ್ಚಿ ಬಿಸಿಲಿಗೆ ಕೂತಿದ್ದರು. ಬರುವ ಮಂದಿಯೆಲ್ಲ ಅವರನ್ನು ಸುತ್ತು ಹಾಕಿಕೊಂಡು ಒಳಗೆ ಹೋಗುತ್ತಿದ್ದರು.

ಅವರ ಹೆಂಡತಿ ತಲೆ ಚಚ್ಚಿಕೊಂಡರು. "ಏಳ್ರೀ, ಮಂದಿ ನೋಡ್ಲಿಕ್ಕತ್ತಾರ!"

"ತಡಿಯೇ, ಬಿಸಲು ಈಗಷ್ಟ ಮೊಣಕಾಲಿಗೆ ಇಳೀಲಿಕ್ಕತ್ತದ!"