ಗುಡ್ಡ ಜಾರಿಗೆ ಬಂದದ್ದು

ಊರಿನ ಬೆನ್ನಿಗಿದ್ದ ಗುಡ್ಡದ ಅರ್ಧಭಾಗವು ಸೋಮವಾರ ಬೆಳಿಗ್ಗೆ, ಕಚೇರಿಗಳು ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಕೆಳಗೆ ಜಾರಿದ್ದರಿಂದ, ಯಾವ ಸಿಬ್ಬಂದಿಯ ಕೆಲಸಕ್ಕೂ ಅಡಚಣೆಯಾಗಲಿಲ್ಲ. ಗುಡ್ಡದ ಬುಡದ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದವನೊಬ್ಬ ಮಾತ್ರ, ಪೆಟ್ಟಿಗೆಗೆ ಕೆಂಡ ತುಂಬುತ್ತ ನಿಂತಿದ್ದವನು ಹಾಗೇ, ಅಂಗಡಿ ಸಮೇತ ಮಣ್ಣಿನಡಿಗೆ ಹೋದ. ಅಂಗಿ ಕೊಟ್ಟಿದ್ದವರು ಸಂಜೆಯವರೆಗೂ ಬಂದು ಬಂದು ವಿಚಾರಿಸಿದರು.

ಅವನ ಅತ್ತಿಗೆ ಪಕ್ಕದ ಮನೆಯ ಟೈಲರಮ್ಮ. ಗಂಡ ದೂರದೂರುಗಳಿಗೆ ಲಾರಿ ಓಡಿಸುವವನು; ಮನೆಯಲ್ಲಿ ಅವಳು, ಅತ್ತೆ, ಒಂದು ಹೊಲಿಗೆ ಯಂತ್ರ. ಮಣ್ಣು ಅವಳ ಗೋಡೆಗೆ ಭುಜ ಕೊಟ್ಟು ನಿಂತಿತ್ತು. ತಲೆಯೆತ್ತಿದರೆ ಗುಡ್ಡದ ಉಳಿದರ್ಧ ಕೈ ತೂರುವಷ್ಟು ಬಿರುಕು ಬಿಟ್ಟುಕೊಂಡು ಬೀದಿಯ ಮೇಲೆ ಬಗ್ಗಿ ನೋಡುತ್ತಿತ್ತು. ರಸ್ತೆ ಅಗಲ ಮಾಡುವ ಗುತ್ತಿಗೆದಾರ ಅದರ ಬುಡ ಕೊರೆದಿದ್ದ. ನೆತ್ತಿಯ ಮೇಲಿನ ಮರಗಳನ್ನು, ಅಲ್ಲಿಂದ ಮರಗಳು ಚೆನ್ನಾಗಿ ಕಾಣುತ್ತವೆಂದು ವಸತಿಗೃಹ ಕಟ್ಟುವವರು ಕಡಿದಿದ್ದರು. ಇನ್ನೊಂದು ದೊಡ್ಡ ಮಳೆ ಬಂದರೆ ಬೀದಿಗೆ ಬೀದಿಯೇ ಹೋಗುತ್ತದೆಂದು ಟೈಲರಮ್ಮನಿಗೆ ಬಟ್ಟೆ ಕತ್ತರಿಸಿದಷ್ಟು ಸ್ಪಷ್ಟವಾಗಿ ಗೊತ್ತಾಯಿತು.

"ಅತ್ತೆ, ಇಲ್ಲಿರೋದು ಬೇಡ, ನಡೀರಿ."

"ನನ್ನ ಮಗನ್ನ ನುಂಗಿ ಕೂತಿರೋದು ಅದು. ನಾನ್ಯಾಕೆ ಹೋಗ್ಲಿ? ಅದೇ ಹೋಗ್ಲಿ," ಎಂದರು ಅತ್ತೆ.

ಬೀದಿಯ ಇತರರೂ ಎಲ್ಲಿಗೆ ಹೋಗೋದು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯಾದ್ದರಿಂದ ಟೈಲರಮ್ಮ ಅದನ್ನು ಹೊತ್ತುಕೊಂಡು ಕಚೇರಿಗೆ ಹೋದಳು.

ಕಿಟಕಿಯ ಹಿಂದಿನ ಗುಮಾಸ್ತ ತಲೆಯೆತ್ತದೆ ಕೇಳಿದ, "ಏನ್ ವಿಷ್ಯ?"

"ಗುಡ್ಡ ಜಾರಿ ಬಂದ್ಬಿಟ್ಟಿದೆ ಸಾರ್."

"ಜಾರಿನಾ? ಜಾರಿಗೆ ಬಂದದ್ದೆಲ್ಲ ಮಹಡಿ ಮೇಲೆ. ಜಾರಿ ವಿಭಾಗ."

ಜಾರಿ ವಿಭಾಗದ ಸಾಹೇಬರು ಸಜ್ಜನರು. ಅವರ ಅವಧಿಯಲ್ಲಿ ಕುಡಿಯುವ ನೀರು, ಚರಂಡಿ, ಬೀದಿದೀಪ ಎಲ್ಲವೂ ಮಂಜೂರಾಗಿದ್ದವು, ಒಂದೂ ಜಾರಿಯಾಗಿರಲಿಲ್ಲ. ಟೈಲರಮ್ಮನ ಮಾತು ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ತಾನಾಗೇ ಜಾರಿಯಾಯ್ತಾ?"

"ತಾನಾಗೇ ಸಾರ್."

"ಎಷ್ಟು?"

"ಅರ್ಧ."

"ಇನ್ನರ್ಧ ಯಾಕೆ ಬಾಕಿ?" ಸಾಹೇಬರ ದನಿಯಲ್ಲಿ ಸಣ್ಣ ಗದರಿಕೆ ಇತ್ತು.

"ಅದೂ ಬರುತ್ತೆ ಸಾರ್, ಅದಕ್ಕೇ ಬಂದಿದ್ದು. ಅಷ್ಟರೊಳಗೆ ಬೀದಿಯೋರನ್ನ ಬೇರೆ ಕಡೆ ಸಾಗಿಸಿ."

"ಫಲಾನುಭವಿಗಳನ್ನ ಸಾಗಿಸಿಬಿಟ್ರೆ ಯಾರಿಗಮ್ಮ ಜಾರಿ ಮಾಡೋದು? ಅದಿರ್ಲಿ, ಈಗಾಗ್ಲೇ ಯಾರಿಗಾದ್ರೂ ತಲುಪಿದೆಯಾ?"

"ನನ್ನ ಮೈದುನ ಒಳಗಿದ್ದಾನೆ."

"ಯಾವ ವಿಭಾಗದ ಒಳಗೆ?"

"ಗುಡ್ಡದ ಒಳಗೆ ಸಾರ್."

ಸಾಹೇಬರು ಎದ್ದು ನಿಂತರು. ಎಲ್ಲರನ್ನೂ ಒಳಗೊಳ್ಳುವ ಅಭಿವೃದ್ಧಿ ಎಂದು ಅವರು ಎಷ್ಟೋ ಭಾಷಣಗಳಲ್ಲಿ ಹೇಳಿದ್ದರು; ಒಬ್ಬನನ್ನಾದರೂ ಪೂರ್ತಿ ಒಳಗೊಂಡದ್ದು ಇದೇ ಮೊದಲು.

ಮರುದಿನ ಪ್ರಕಟಣೆ ಹೊರಬಿತ್ತು: "ಸದರಿ ಗುಡ್ಡವು ಭಾಗಶಃ ಜಾರಿಗೆ ಬಂದಿದ್ದು, ಬಾಕಿ ಭಾಗವನ್ನು ಮಳೆಗಾಲ ಮುಗಿಯುವುದರೊಳಗೆ ಜಾರಿಗೊಳಿಸತಕ್ಕದ್ದು. ಜಾರಿಯಾಗದೆ ನಿಂತಿರುವ ಇತರ ಗುಡ್ಡಗಳಿಂದ ವಿವರಣೆ ಕೇಳತಕ್ಕದ್ದು."

ಗುತ್ತಿಗೆದಾರನಿಗೆ ಕರೆ ಹೋಯಿತು. ಅವನು ನಡುಗುತ್ತ ಬಂದು, "ನಾನೇನೂ ಮಾಡಿಲ್ಲ ಸಾರ್, ಬುಡ ಮುಟ್ಟೇ ಇಲ್ಲ," ಎಂದ. ಪ್ರಶಂಸಾಪತ್ರವೆಂದು ತಿಳಿದ ಕೂಡಲೇ, "ಬುಡ ಅಗೆದಿದ್ದು ನಾನೇ ಸಾರ್, ಒಬ್ಬನೇ," ಎಂದು ತಿದ್ದಿಕೊಂಡ. ಉಳಿದರ್ಧದ ಬುಡ ಅಗೆಯುವ ಗುತ್ತಿಗೆಯೂ ಅವನಿಗೇ ಆಯಿತು.

ಹೊರದೇಶಗಳ ಗುಡ್ಡಗಳ ಸ್ಥಿತಿಗತಿ ನೋಡಿ ಬರಲು ಅಧ್ಯಯನ ತಂಡವೊಂದು ವಿಮಾನ ಹತ್ತಿತು. ಜಗತ್ತಿನಲ್ಲಿ ಎಲ್ಲೆಲ್ಲೋ ಊರಿಗೆ ಊರೇ ಮುಚ್ಚಿಹೋಗುವಂತೆ, ಬಡವರ ಕೇರಿಗಳಿಗೇ ಮೊದಲ ಆದ್ಯತೆ ಕೊಟ್ಟು, ಗುಡ್ಡಗಳು ಜಾರುತ್ತಿರುವುದನ್ನು ಕಂಡು ತಂಡಕ್ಕೆ ನಾಚಿಕೆಯಾಯಿತು. ಅಲ್ಲಿನ ತಜ್ಞರು ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ತಂಡ ಅವನ್ನು ಮಾರ್ಗಸೂಚಿ ಎಂದು ಬರೆದುಕೊಂಡು ಬಂತು: ಮರ ಕಡಿದಲ್ಲಿ ಜಾರಿ ಸುಲಭ, ಬುಡ ಕೊರೆದಲ್ಲಿ ಶೀಘ್ರ, ನೀರು ಹೋಗುವ ದಾರಿ ಮುಚ್ಚಿದಲ್ಲಿ ಖಚಿತ.

ಟೈಲರಮ್ಮ ಮತ್ತೆ ಮಹಡಿ ಹತ್ತಿದಳು.

"ಸಾರ್, ನಾನು ಹೇಳಿದ್ದು ಆ ಜಾರಿ ಅಲ್ಲ. ಕಾಲು ಜಾರುತ್ತಲ್ಲ, ಆ ಥರ ಜಾರಿದ್ದು."

"ಭಾಷೆಯ ವಿಷಯ ಭಾಷಾ ವಿಭಾಗಕ್ಕಮ್ಮ. ಅದು ಹೊಸ ಕಟ್ಟಡದಲ್ಲಿದೆ."

"ಹೊಸ ಕಟ್ಟಡ ಎಲ್ಲಿದೆ?"

"ಅದಿನ್ನೂ ಜಾರಿಯಾಗಿಲ್ಲ."

"ಹೋಗ್ಲಿ, ಅಗೆಯೋದನ್ನಾದ್ರೂ ನಿಲ್ಸಿ ಸಾರ್. ಬೀದೀಲಿ ಕೈಕೂಸುಗಳಿವೆ."

"ಜಾರಿಯಾದದ್ದನ್ನ ನಿಲ್ಲಿಸ್ಬೇಕಾದ್ರೆ ಮೊದ್ಲು ಹಿಂಪಡೀಬೇಕು. ಹಿಂಪಡೆಯೋದು ಅಂದ್ರೆ ಬಿದ್ದಿರೋ ಮಣ್ಣನ್ನ ವಾಪಸ್ ಮೇಲಕ್ಕೆ ಹೊರಬೇಕು. ನೀವು ಹೊರ್ತೀರಾ?"

ಟೈಲರಮ್ಮ ಹೊರುವುದಿಲ್ಲವೆಂಬುದನ್ನು ಅವರು ಸಮ್ಮತಿಯೆಂದು ದಾಖಲಿಸಿದರು.

ಅಗೆಯುವ ಯಂತ್ರ ಬಂತು. ಅದು ಬುಡಕ್ಕೆ ಹಲ್ಲು ಹಾಕಿದಾಗಲೆಲ್ಲ ಅವಳ ಹೊಲಿಗೆ ಯಂತ್ರದ ಸೂಜಿ ತಾನಾಗಿ ಕುಣಿಯುತ್ತಿತ್ತು. ಮೋಡ ಕಟ್ಟಿತು. ಕಾಜ ಹೊಲಿಯುತ್ತ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಕೂತಿದ್ದ ಟೈಲರಮ್ಮನಿಗೆ ಒಂದು ಸತ್ಯ ಹೊಳೆಯಿತು: ಈ ಕಚೇರಿಯಲ್ಲಿ ಜೀವ ಉಳಿಸಿ ಎಂಬುದಕ್ಕೆ ವಿಭಾಗವೇ ಇಲ್ಲ. ಅವಳು ದಾರ ಉಗಿದು ಎದ್ದು, ಮೂರನೆಯ ಸಲ ಮಹಡಿ ಹತ್ತಿದಳು.

"ಉದ್ಘಾಟನೆ ಇಲ್ದೆ ಹೇಗೆ ಸಾರ್ ಜಾರಿ ಮಾಡ್ತೀರಿ?"

ಸಾಹೇಬರು ಬೆಚ್ಚಿಬಿದ್ದರು. ಇಷ್ಟು ಮೂಲಭೂತ ಅಂಶ ಯಾರ ಗಮನಕ್ಕೂ ಬಂದಿರಲಿಲ್ಲ.

"ಬೀದೀಲೇ ಶಾಮಿಯಾನ ಹಾಕಿಸ್ತೀನಿ," ಎಂದರು.

"ಬೀದೀಲಿ ಹಾಕಿದ್ರೆ ಗುಡ್ಡಕ್ಕೆ ಜಾಗ ಎಲ್ಲಿ ಸಾರ್? ಹೊಳೆಯಾಚೆ ಆಟದ ಮೈದಾನ ಇದೆಯಲ್ಲ. ನಾವೆಲ್ಲ ಸಾಮಾನು ಸಮೇತ ಬಂದು ಚಪ್ಪಾಳೆ ತಟ್ತೀವಿ."

"ಸಾಮಾನು ಯಾಕೆ?"

"ತುಂಬಿದ ಸಭೆ ಅಂತ ಕಾಣ್ಲಿ ಅಂತ."

ಹಾಜರಾತಿ ಕಡ್ಡಾಯವೆಂದು ಡಂಗುರ ಹೊಡೆಸಲಾಯಿತು. ಬೀದಿಯೆಲ್ಲ ಗಂಟುಮೂಟೆ ಕಟ್ಟಿತು. ಅತ್ತೆ ಮಾತ್ರ ಹೊಸಿಲ ಮೇಲಿಂದ ಏಳಲಿಲ್ಲ.

"ಅತ್ತೆ, ನಿಮಗೆ ಮೈಕ್ ಕೊಡ್ತಾರಂತೆ."

"ಅದರಲ್ಲಿ ಬಯ್ಯಬಹುದಾ?"

"ಎರಡು ಮಾತು ಆಡ್ಲಿ ಅಂದಿದ್ದಾರೆ. ಯಾವ ಎರಡು ಅಂತ ಹೇಳಿಲ್ಲ."

ಅತ್ತೆ ಎದ್ದರು. ಹೊಲಿಗೆ ಯಂತ್ರವನ್ನು ಎರಡನೆಯ ಸಲ ಬಂದು ಒಯ್ಯೋಣವೆಂದು ಟೈಲರಮ್ಮ ಅಲ್ಲೇ ಬಿಟ್ಟು, ಅತ್ತೆಯ ಕೈ ಹಿಡಿದು ಹೊರಟಳು. ಸೇತುವೆಯ ಮೇಲೆ ಮಳೆ ಹಿಡಿಯಿತು.

ಮುಖ್ಯ ಅತಿಥಿಗಳು ಯಾವುದಕ್ಕೂ ತಂತಿ ಜೋಡಿಸಿರದ ಕೆಂಪು ಗುಂಡಿಯತ್ತ ಬೆರಳು ಚಾಚುವಷ್ಟರಲ್ಲಿ ಗುಡ್ಡ ಅವರಿಗಾಗಿ ಕಾಯದೆ ಹೊರಟುಬಿಟ್ಟಿತು. ಮೊದಲು ವಸತಿಗೃಹದ ಬೋರ್ಡು, ಆಮೇಲೆ ಯಂತ್ರ, ಆಮೇಲೆ ಒಂದೊಂದೇ ಮನೆ. ಸದ್ದು ಅಡಗಿದ ಮೇಲೆ ಬೀದಿ ಇದ್ದ ಕಡೆ ಕೆಸರಿನ ಇಳಿಜಾರು ಮಾತ್ರ ಇತ್ತು. ಕೂಸೊಂದು ಅಳಲು ಶುರುಮಾಡಿತು. ಟೈಲರಮ್ಮ ತಲೆಗಳನ್ನು ಎಣಿಸಿದಳು, ಎಲ್ಲರೂ ಇದ್ದರು. ಅತಿಥಿಗಳು ಗುಂಡಿ ಒತ್ತಿ ಫೋಟೋ ತೆಗೆಸಿಕೊಂಡರು.

ಅತ್ತೆ ಮೈಕ್ ಕಿತ್ತುಕೊಂಡು, "ನನ್ನ ಮಗ ಎಲ್ರೋ?" ಎಂದು ಕೂಗಿದರು. ಆಮೇಲೆ ಬಯ್ಯುವುದನ್ನು ಬಿಟ್ಟು, ಉತ್ತರಕ್ಕೆಂದು ಮೈಕನ್ನು ಕೆಸರಿನತ್ತ ಚಾಚಿ ಹಿಡಿದರು.

"ತಾಯಿಯವರು ಹರ್ಷದಿಂದ ಮಾತು ಬಾರದವರಾಗಿದ್ದಾರೆ," ಎಂದು ಸಾಹೇಬರು ಸಭೆಗೆ ಅರ್ಥ ಹೇಳಿದರು. ಜನ ಎದೆ ಬಡಿದುಕೊಳ್ಳುತ್ತಿದ್ದರು. ದೂರಕ್ಕೆ ಅದು ಚಪ್ಪಾಳೆಯಂತೆಯೇ ಕಂಡಿತು.

ಪರಿಹಾರ ಬರಲಿಲ್ಲ. ಬೀದಿಯೇ ಅಸ್ತಿತ್ವದಲ್ಲಿಲ್ಲದ ಕಾರಣ ಅದರಲ್ಲಿ ನಿವಾಸಿಗಳು ಇರಲು ಸಾಧ್ಯವಿಲ್ಲವೆಂದು ಕಚೇರಿ ತಿಳಿಸಿತು. ಇದರಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗಲಿಲ್ಲ. ಜನ ಶಾಮಿಯಾನದಲ್ಲೇ ಉಳಿದರು. ಟೈಲರಮ್ಮ ಸಾಲ ತಂದ ಸೂಜಿಯಲ್ಲಿ ಹಳೇ ಸೀರೆಗಳನ್ನು ಕೂಡಿಸಿ ಮನೆಮನೆಗೂ ಗೋಡೆ ಹೊಲಿದುಕೊಟ್ಟಳು. ಸಾಹೇಬರಿಗೆ ಬಡ್ತಿಯಾಯಿತು. ಪಕ್ಕದೂರುಗಳಿಂದ ಜನ ಬಂದು, ನಮ್ಮ ಗುಡ್ಡ ಯಾವಾಗ ಎಂದು ಮಹಡಿಯ ಮೆಟ್ಟಿಲ ಮೇಲೆ ಸಾಲು ನಿಂತರು.

ಮಳೆ ಬಿಟ್ಟ ಒಂದು ದಿನ ಮೈದಾನದ ಹಿಂದಿನ ಗುಡ್ಡದ ಬುಡದಲ್ಲಿ ಹೊಸ ಯಂತ್ರ ಬಂದು ನಿಂತಿತು. ಅದರ ಚಾಲಕ ವಿನಯವಂತ. ಕೆಳಗಿಳಿದು, ಚಪ್ಪಲಿ ಬಿಟ್ಟು, ಸೀರೆಯ ಗೋಡೆಯ ಹೊರಗೆ ನಿಂತು ಕೇಳಿದ:

"ಅಕ್ಕಾ, ಬುಧವಾರ ಜಾರಿ ಮಾಡಿದ್ರೆ ನಿಮಗೆ ಆಗುತ್ತಾ?"

ಟೈಲರಮ್ಮ ಒಳಗೆ ತಿರುಗಿ ನೋಡಿದಳು.

"ಬುಧವಾರ ಬೇಡ ಅನ್ನು," ಎಂದರು ಅತ್ತೆ, "ಬಟ್ಟೆ ಒಣಗಿರಲ್ಲ. ಗುರುವಾರ ಇಟ್ಕೊಳ್ಲಿ."

ಚಾಲಕ ಆಗಲಿ ಎಂದು ತಲೆಯಾಡಿಸಿ, ಗುರುವಾರಕ್ಕೆ ಇಟ್ಟುಕೊಂಡ.